ಚರ್ಮದ ಮೇಲೆ ಲೇಸರ್ ಬೆಳಕು

ಕಾರ್ಗಲ್ಲಿನ ಸುತ್ತಮುತ್ತ ವಾಸಿಸುವವರಿಗೆ ಶಕ್ತಿಯೆಂದರೇನೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕಾಡುಗುಡ್ಡಗಳ ಮೇಲೆಲ್ಲ ಚೆದುರಿ ಬೀಳುವ ನೀರು ಹಳ್ಳತೊರೆಗಳಾಗಿ ಹರಿದು ಶರಾವತಿಯನ್ನು ಸೇರುವುದು. ಲಿಂಗನಮಕ್ಕಿಯ ಅಣೆಕಟ್ಟು ಅದನ್ನು 1819 ಅಡಿಗಳ ಮಟ್ಟದವರೆಗೆ ತಡೆದು ನಿಲ್ಲಿಸುವುದು. ಹಾಗೆ ನಿಂತ ನೀರನ್ನು ಕೊಳವೆಗಳ ಮೂಲಕ ಕೆಳಕ್ಕೆ ಬಿಟ್ಟಾಗ ಭಾರವಾದ ಚಕ್ರಗಳು ತಿರುಗಿ ದೂರದ ಊರುಗಳಲ್ಲಿ ದೀಪ ಬೆಳಗುವುದು. ಚೆದುರಿ ಬಿದ್ದಾಗ ಹುಲ್ಲನ್ನಷ್ಟೇ ತೋಯಿಸುತ್ತಿದ್ದ ನೀರು, ಒಂದೆಡೆ ಕೂಡಿ ಒಂದೇ ದಾರಿಯಲ್ಲಿ ಇಳಿದಾಗ ಬೇರೆಯೇ ಕೆಲಸವನ್ನು ಮಾಡುತ್ತದೆ.

ಬೆಳಕಿನ ವಿಷಯದಲ್ಲಿಯೂ ಹೀಗೆಯೇ. ದೀಪದ ಬೆಳಕು ಎಲ್ಲ ದಿಕ್ಕುಗಳಿಗೂ ಚೆದುರುವುದು. ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವುವು. ಲೇಸರ್ ಬೆಳಕಾದರೋ ಒಂದೇ ಬಣ್ಣದ್ದು, ಒಂದೇ ದಿಕ್ಕಿಗೆ ಸಾಗುವಂಥದು, ಕೂದಲೆಳೆಯಷ್ಟು ಕಿರಿದಾದ ಚುಕ್ಕೆಯ ಮೇಲೆ ಕೇಂದ್ರೀಕರಿಸಬಹುದಾದದ್ದು. ಈ ಬೆಳಕನ್ನು ಇಂದು ಚರ್ಮದ ಮೇಲೆ ಹಾಯಿಸಿ ಬೇಡವಾದ ಕೂದಲನ್ನು ತೆಗೆಯುತ್ತಾರೆ, ಹಚ್ಚೆಯನ್ನು ಅಳಿಸುತ್ತಾರೆ, ಹುಟ್ಟಿನಿಂದ ಬಂದ ಕೆಂಪು ಮಚ್ಚೆಯನ್ನು ತಿಳಿಯಾಗಿಸುತ್ತಾರೆ, ಮೊಡವೆಯ ಕಲೆಗಳನ್ನು ಸರಿಪಡಿಸಲು ಯತ್ನಿಸುತ್ತಾರೆ. ನೋವಿಲ್ಲ, ಅಡ್ಡಪರಿಣಾಮವಿಲ್ಲ ಎಂಬ ಜಾಹೀರಾತುಗಳನ್ನು ನಮ್ಮ ವಾಚಕರೆಲ್ಲರೂ ಕಂಡಿರಬಹುದು.

ಕಾಲೇಜಿನ ವಿದ್ಯಾರ್ಥಿಗಳಲ್ಲಿ ಈ ವಿಷಯ ಕೇವಲ ಕುತೂಹಲದ್ದಾಗಿ ಉಳಿದಿಲ್ಲ. ಜಾತ್ರೆಯಲ್ಲಿ ಗೆಳೆಯರೊಡನೆ ಹುಮ್ಮಸ್ಸಿನಿಂದ ಹಚ್ಚೆ ಹಾಕಿಸಿಕೊಂಡ ತರುಣನು ಸೇನಾ ಭರ್ತಿಗೆ ಹೊರಟಾಗ, ಹಚ್ಚೆ ದೇಹದ ಯಾವ ಭಾಗದಲ್ಲಿರಬಹುದೆಂಬುದಕ್ಕೆ ಅಲ್ಲಿ ಕಟ್ಟುಪಾಡುಗಳುಂಟೆಂದು ತಿಳಿದು ಚಿಂತೆಗೊಳಗಾಗುತ್ತಾನೆ. ಮೇಲುತುಟಿಯ ನವಿರು ಕೂದಲಿಗಾಗಿ ನಾಚುವ ಹುಡುಗಿಯರೂ ಇದ್ದಾರೆ. ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಲೇಸರ್ ಅಪಾಯಕಾರಿಯೇ?" ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಪ್ರಶ್ನೆಗೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಉತ್ತರ ಹೇಳಲು ಬರುವುದಿಲ್ಲ. ಯಾವ ಬಣ್ಣದ ಬೆಳಕು, ಎಷ್ಟು ಹೊತ್ತು, ಯಾವ ಚರ್ಮದ ಮೇಲೆ, ಯಾರ ಕೈಯಿಂದ ಎಂಬ ನಾಲ್ಕು ಪ್ರಶ್ನೆಗಳಾಗಿ ಅದನ್ನು ಒಡೆದುಕೊಳ್ಳಬೇಕು. ಹಾಗೆ ಒಡೆದುಕೊಂಡಾಗ, ಬಿಳಿಯ ಚರ್ಮಕ್ಕೆ ನಿರಪಾಯವಾದ ಅಳತೆಯೇ ನಮ್ಮ ಕಂದು ಚರ್ಮವನ್ನು ಸುಡಬಲ್ಲುದೆಂಬ ಮುಖ್ಯವಾದ ಸಂಗತಿ ತಾನಾಗಿಯೇ ಹೊರಬೀಳುತ್ತದೆ.

ಕೂಡಿಟ್ಟು ಬಿಟ್ಟ ಬೆಳಕು

1917ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಒಂದು ತತ್ತ್ವವನ್ನು ಮಂಡಿಸಿದರು. ಹೆಚ್ಚಿನ ಶಕ್ತಿಯ ಮಟ್ಟಕ್ಕೆ ಏರಿ ನಿಂತಿರುವ ಪರಮಾಣುವನ್ನು ತಕ್ಕ ಬೆಳಕಿನ ಕಣವೊಂದು ಸೋಕಿದರೆ, ಆ ಪರಮಾಣು ಕೆಳಮಟ್ಟಕ್ಕೆ ಇಳಿದು, ಬಂದ ಕಣವನ್ನೇ ಎಲ್ಲ ರೀತಿಯಲ್ಲಿಯೂ ಹೋಲುವ ಇನ್ನೊಂದು ಕಣವನ್ನು ಹೊರಸೂಸುವುದು. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳಕು ಬೆಳೆಯುವುದು. ಆದರೆ ಇದು ನಡೆಯಬೇಕಾದರೆ ಬಹುಪಾಲು ಪರಮಾಣುಗಳನ್ನು ಮೊದಲೇ ಮೇಲಿನ ಮಟ್ಟಕ್ಕೆ ಏರಿಸಿಟ್ಟಿರಬೇಕು. ಇದು ಜಲಾಶಯವನ್ನು ತುಂಬಿಸಿದಂತೆಯೇ ಸರಿ. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1960ರ ಮೇ 16ರಂದು, ಅಮೆರಿಕದ ಥಿಯೊಡೋರ್ ಮೈಮನ್ನರು ಮಾಣಿಕ್ಯದ ಕೃತಕ ಹರಳಿನಿಂದ ಮೊದಲ ಲೇಸರ್ ಬೆಳಕನ್ನು ಪಡೆದರು. ಅದರ ತರಂಗಾಂತರ 694 ನ್ಯಾನೋಮೀಟರು, ಎಂದರೆ ಗಾಢವಾದ ಕೆಂಪು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ನ್ಯಾನೋಮೀಟರು ಎಂದು ಹೆಸರು.

ಕೂಡಿಟ್ಟ ಶಕ್ತಿಯನ್ನು ಸಾವಕಾಶವಾಗಿಯೂ ಬಿಡಬಹುದು, ಬಾಗಿಲನ್ನು ತಟ್ಟನೆ ತೆರೆದು ಒಮ್ಮೆಗೇ ಹೊರಡಿಸಲೂ ಬಹುದು. ಹಚ್ಚೆ ಅಳಿಸುವ ಲೇಸರಿನಲ್ಲಿ ಎರಡನೆಯ ಕ್ರಮವನ್ನು ಅನುಸರಿಸುತ್ತಾರೆ. ಅದರ ಒಂದು ಸ್ಪಂದದಲ್ಲಿ, ಎಂದರೆ ಕ್ಷಣಮಾತ್ರ ಮಿಂಚಿ ಮರೆಯಾಗುವ ಒಂದು ಹೊಡೆತದಲ್ಲಿ, ಸುಮಾರು ಅರ್ಧ ಜೌಲ್ ಶಕ್ತಿ ಇರುವುದೆನ್ನೋಣ. ಇದು ಎರಡು ಮೂರು ಹನಿ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಸಾಲುವಷ್ಟೇ. ಆದರೆ ಆ ಅರ್ಧ ಜೌಲ್ ಹೊರಬೀಳುವ ಕಾಲ 5 ನ್ಯಾನೋಸೆಕೆಂಡು, ಅಂದರೆ ಒಂದು ಸೆಕೆಂಡಿನ ಇಪ್ಪತ್ತು ಕೋಟಿಯ ಒಂದು ಭಾಗ. ಶಕ್ತಿಯನ್ನು ಕಾಲದಿಂದ ಭಾಗಿಸಿದರೆ ಸಾಮರ್ಥ್ಯ ದೊರೆಯುವುದೆಂಬುದು ಪ್ರೌಢಶಾಲೆಯ ಪಾಠ. ಹಾಗೆ ಭಾಗಿಸಿದರೆ ಬರುವ ಉತ್ತರ 100 ಮೆಗಾವಾಟ್! 1948ರಲ್ಲಿ ಚಾಲನೆಗೊಂಡ ಜೋಗದ ಹಳೆಯ ವಿದ್ಯುದಾಗಾರದ ಮೂಲ ಸಾಮರ್ಥ್ಯ ಒಟ್ಟು 120 ಮೆಗಾವಾಟ್. ಬೆರಳುಗಳ ನಡುವೆ ಹಿಡಿಯಬಹುದಾದ ಉಪಕರಣದ ತುದಿಯಿಂದ, ಆ ಅತ್ಯಲ್ಪ ಕಾಲದ ಮಟ್ಟಿಗೆ, ಹೆಚ್ಚುಕಡಮೆ ಒಂದು ವಿದ್ಯುದಾಗಾರದ ಸಾಮರ್ಥ್ಯವೇ ಹೊರಡುವುದೆಂದ ಮೇಲೆ ಅದನ್ನು ಕೇವಲ ಅಲಂಕಾರದ ಸಾಧನವೆಂದು ಎಣಿಸುವುದು ಸರಿಯಲ್ಲ.

ಸುಂಕದ ಕಟ್ಟೆ

ಇನ್ನು ಆ ಬೆಳಕನ್ನು ಎದುರುಗೊಳ್ಳುವ ಚರ್ಮವನ್ನು ನೋಡೋಣ. ಚರ್ಮದ ಮೇಲಿನ ಪದರವಾದ ಹೊರಚರ್ಮವು ದೇಹದ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ದಪ್ಪವಾಗಿದೆ. ಅದರ ತಳದಲ್ಲಿ ಮೆಲನಿನ್ ಎಂಬ ಕಂದು ವರ್ಣದ್ರವ್ಯವನ್ನು ತಯಾರಿಸುವ ಕೋಶಗಳಿವೆ. ಈ ಕೋಶಗಳ ಸಂಖ್ಯೆಯಲ್ಲಿ ಕಪ್ಪಗಿರುವವರಿಗೂ ಬೆಳ್ಳಗಿರುವವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿಯೂ ಕಣಗಳ ಗಾತ್ರದಲ್ಲಿಯೂ ವ್ಯತ್ಯಾಸವುಂಟು. ಹೊರಚರ್ಮದ ಕೆಳಗಿನ ಒಳಚರ್ಮದಲ್ಲಿ ರಕ್ತನಾಳಗಳು ಹರಡಿಕೊಂಡಿವೆ. ಕೂದಲಿನ ಬೇರುಗಳು ಕೆಲವು ಮಿಲಿಮೀಟರು ಆಳದವರೆಗೂ ಇಳಿದಿವೆ.

ಚರ್ಮದೊಳಗೆ ಲೇಸರ್ ಬೆಳಕನ್ನು ಹೀರಿ ಬಿಸಿಯಾಗುವ ವಸ್ತುಗಳು ಮುಖ್ಯವಾಗಿ ಮೂರು. ಮೊದಲನೆಯದು ಮೆಲನಿನ್, ಅದು ಗೋಚರವಾದ ಎಲ್ಲ ಬಣ್ಣಗಳನ್ನೂ ಹೀರುವುದಾದರೂ, ತರಂಗಾಂತರ ಹೆಚ್ಚಿದಷ್ಟೂ ಹೀರುವ ಪ್ರಮಾಣ ಇಳಿಯುತ್ತ ಹೋಗುವುದು. ಎರಡನೆಯದು ರಕ್ತದ ಹೀಮೋಗ್ಲೋಬಿನ್. ಅದಕ್ಕೆ 577 ನ್ಯಾನೋಮೀಟರಿನ ಆಸುಪಾಸಿನ ಹಳದಿ ಬೆಳಕು ಪ್ರಿಯವಾದದ್ದು. ಮೂರನೆಯದು ನೀರು, ಅದು ಗೋಚರ ಬೆಳಕಿಗೆ ಪಾರದರ್ಶಕವಾದರೂ ದೂರದ ಅವಗೆಂಪು ಕಿರಣಗಳನ್ನು ಬಹುವಾಗಿ ಹೀರುತ್ತದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನಿರ್ಮಿಸಿದ ಇಂಗಾಲದ ಡೈಆಕ್ಸೈಡ್ ಲೇಸರಿನ ಕಿರಣ ಈ ಬಗೆಯದು. ಅದರ ತರಂಗಾಂತರ 10,600 ನ್ಯಾನೋಮೀಟರು. ಕೋಶಗಳಲ್ಲಿರುವ ನೀರನ್ನೇ ಕುದಿಸಿ ಆವಿಯಾಗಿಸುವುದರಿಂದ ಅದು ಚಾಕುವಿನಂತೆ ಕೊಯ್ಯುತ್ತದೆ. ನರಹುಲಿಯನ್ನು ಸುಡಲೂ ಕಲೆಗಳ ಮೇಲ್ಮೈಯನ್ನು ಕೆರೆದು ತೆಗೆಯಲೂ ಬಳಕೆಯಾಗುತ್ತದೆ.

ಈಗ ಕೂದಲನ್ನು ತೆಗೆಯುವ ಚಿಕಿತ್ಸೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿ ಬೆಳಕಿನ ಗುರಿ ಕೂದಲ ಬುಡದಲ್ಲಿರುವ ಮೆಲನಿನ್. ಆದರೆ ಆ ಆಳಕ್ಕೆ ತಲುಪುವ ಮೊದಲು ಬೆಳಕು ಹೊರಚರ್ಮದ ತಳವನ್ನು ದಾಟಬೇಕು. ಅಲ್ಲಿಯೂ ಇರುವುದು ಅದೇ ಮೆಲನಿನ್. ಹಿಂದಿನ ಕಾಲದಲ್ಲಿ ಘಟ್ಟವಿಳಿಯುವ ಸರಕಿಗೆ ಸುಂಕದ ಕಟ್ಟೆಯಲ್ಲಿ ಸುಂಕ ತೆರಬೇಕಾಗಿದ್ದಂತೆ, ಗುರಿಯನ್ನು ಸೇರುವ ಮುಂಚೆ ಬೆಳಕು ಇಲ್ಲಿ ತನ್ನ ಶಕ್ತಿಯ ಒಂದು ಪಾಲನ್ನು ಬಿಟ್ಟುಕೊಡಬೇಕು. ಬಿಳಿಯ ಚರ್ಮದಲ್ಲಿ ಈ ಸುಂಕ ಅಲ್ಪ. ಕಂದು ಚರ್ಮದಲ್ಲಿ ಅಧಿಕ. ಬಿಟ್ಟುಕೊಟ್ಟ ಶಕ್ತಿಯು ಎಲ್ಲಿಗೂ ಹೋಗುವುದಿಲ್ಲ. ಉಷ್ಣವಾಗಿ ಮಾರ್ಪಟ್ಟು ಅಲ್ಲಿಯೇ ಉಳಿಯುವುದು. ಸುಟ್ಟ ಗಾಯದ ಮೂಲ ಇದೇ.

ಉಪಾಯವೂ ಇದರಿಂದಲೇ ಹೊಳೆಯುವುದು. ಮಾಣಿಕ್ಯದ 694 ನ್ಯಾನೋಮೀಟರು, ಅಲೆಕ್ಸಾಂಡ್ರೈಟ್ ಹರಳಿನ 755, ಡಯೋಡ್ ಲೇಸರಿನ ಸುಮಾರು 810, ನಿಯೊಡಿಮಿಯಮ್ ಯಾಗ್ ಲೇಸರಿನ 1064 - ಹೀಗೆ ತರಂಗಾಂತರ ಏರಿದಂತೆಲ್ಲ ಸುಂಕ ಇಳಿಯುತ್ತದೆ, ಬೆಳಕು ಇನ್ನೂ ಆಳಕ್ಕೆ ಹೋಗುತ್ತದೆ. ಆದುದರಿಂದಲೇ ಕಪ್ಪು ಮೈಬಣ್ಣದವರಿಗೆ ಕೊನೆಯದಾದ 1064 ನ್ಯಾನೋಮೀಟರಿನ ಲೇಸರನ್ನು ಹೆಚ್ಚು ಸುರಕ್ಷಿತವೆಂದು ವೈದ್ಯರು ಪರಿಗಣಿಸುವರು. ಕೆಲವು ಸೌಂದರ್ಯ ಕೇಂದ್ರಗಳಲ್ಲಿ ಲೇಸರ್ ಎಂಬ ಹೆಸರಿನಲ್ಲಿಯೇ ಬಳಕೆಯಾಗುವ ತೀವ್ರ ಮಿಂಚುದೀಪದ ಯಂತ್ರವು ವಾಸ್ತವವಾಗಿ ಲೇಸರೇ ಅಲ್ಲ. ಅದರಲ್ಲಿ ಹಲವು ತರಂಗಾಂತರಗಳು ಬೆರೆತಿರುವುದರಿಂದ ಕಂದು ಚರ್ಮದ ವಿಷಯದಲ್ಲಿ ಮತ್ತಷ್ಟು ಎಚ್ಚರ ಅಗತ್ಯ.

ಕಾಲದ ಲೆಕ್ಕ

ಬಣ್ಣವನ್ನು ಆರಿಸಿದರಷ್ಟೇ ಸಾಲದು. ಬೆಳಕು ಎಷ್ಟು ಹೊತ್ತು ಬೀಳಬೇಕೆಂಬುದನ್ನೂ ನಿರ್ಧರಿಸಬೇಕು. ಬಚ್ಚಲಿನ ಹಂಡೆಯಲ್ಲಿ ರಾತ್ರಿ ಕಾಯಿಸಿದ ನೀರು ಬೆಳಗಿನವರೆಗೂ ಬೆಚ್ಚಗಿರುವುದು. ಅದೇ ನೀರನ್ನು ಒಂದು ಚಮಚೆಯಲ್ಲಿ ತೆಗೆದಿಟ್ಟರೆ ನಿಮಿಷದೊಳಗೆ ಆರುವುದು. ಸಣ್ಣ ವಸ್ತು ಬೇಗನೆ ತಣಿಯುತ್ತದೆ, ದೊಡ್ಡದು ನಿಧಾನವಾಗಿ ತಣಿಯುತ್ತದೆ. ಚರ್ಮದೊಳಗಿನ ಕಣಗಳ ವಿಷಯದಲ್ಲಿ ತಣಿಯುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿರುವುದು. ಎಂದರೆ ದಪ್ಪ ಮೂರು ಪಟ್ಟಾದರೆ ಕಾಲ ಒಂಬತ್ತು ಪಟ್ಟಾಗುವುದು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪವುಳ್ಳ ರಕ್ತನಾಳಕ್ಕೆ ಸುಮಾರು 5 ಮಿಲಿಸೆಕೆಂಡು ಬೇಕಾದರೆ, ಅದರ ಮೂರು ಪಟ್ಟು ದಪ್ಪದ ಕೂದಲ ಬುಡಕ್ಕೆ ಸುಮಾರು 45 ಮಿಲಿಸೆಕೆಂಡು ಬೇಕು. ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿರುವ ಮೆಲನಿನ್ ಕಣಕ್ಕೆ ಸೆಕೆಂಡಿನ ಇಪ್ಪತ್ತು ಲಕ್ಷದ ಒಂದು ಭಾಗ ಸಾಕು. ಅದಕ್ಕಿಂತಲೂ ಹತ್ತು ಪಟ್ಟು ಚಿಕ್ಕದಾದ ಹಚ್ಚೆಯ ಕಣಕ್ಕೆ ಕೇವಲ 5 ನ್ಯಾನೋಸೆಕೆಂಡು ಸಾಕು.

ಬೆಳಕಿನ ಸ್ಪಂದವು ಗುರಿಯ ತಣಿಯುವ ಕಾಲಕ್ಕಿಂತ ಚಿಕ್ಕದಾಗಿದ್ದರೆ ಉಷ್ಣವು ಗುರಿಯಲ್ಲಿಯೇ ಸೆರೆಯಾಗಿ ಅದನ್ನು ಮಾತ್ರ ನಾಶಮಾಡುತ್ತದೆ. ದೀರ್ಘವಾಗಿದ್ದರೆ ಉಷ್ಣವು ಸುತ್ತಮುತ್ತ ಹರಡಿ ನಿರಪರಾಧಿಯಾದ ಅಂಗಾಂಶವೂ ಬೇಯುತ್ತದೆ. ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಎಂಬ ವೈದ್ಯವಿಜ್ಞಾನಿಗಳು 1983ರಲ್ಲಿ ಈ ತತ್ತ್ವವನ್ನು ಸ್ಪಷ್ಟವಾದ ರೂಪದಲ್ಲಿ ಪ್ರಕಟಿಸಿದರು. ಇಂದಿನ ಚರ್ಮದ ಲೇಸರ್ ಚಿಕಿತ್ಸೆಗೆಲ್ಲ ಇದೇ ತಳಹದಿ.

ಕೂದಲ ಬುಡಕ್ಕೂ ಹೊರಚರ್ಮಕ್ಕೂ ಇರುವ ಈ ಕಾಲದ ಅಂತರವೇ ಕಂದು ಚರ್ಮದವರಿಗೆ ಆಸರೆ. ಸ್ಪಂದವನ್ನು ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು ನೀಳವಾಗಿಸಿದರೆ, ತೆಳುವಾದ ಹೊರಚರ್ಮ ಅಷ್ಟರಲ್ಲಿ ತನ್ನ ಉಷ್ಣವನ್ನು ಹೊರಹಾಕುತ್ತದೆ, ದಪ್ಪವಾದ ಕೂದಲ ಬುಡ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಮೇಲಿನಿಂದ ತಣ್ಣನೆಯ ಗಾಳಿಯನ್ನಾಗಲಿ, ಶೀತದ್ರವದ ಸಿಂಪಡಣೆಯನ್ನಾಗಲಿ, ಶೈತ್ಯಗೊಳಿಸಿದ ಹರಳಿನ ತುದಿಯನ್ನಾಗಲಿ ಬಳಸಿ ಹೊರಚರ್ಮವನ್ನು ತಂಪಾಗಿಡುತ್ತಾರೆ. ಈ ತಂಪಿನ ಏರ್ಪಾಡು ನೋವನ್ನು ಕಡಮೆ ಮಾಡುವುದಕ್ಕಷ್ಟೇ ಇರುವುದಲ್ಲ. ಅದು ಕೆಟ್ಟು ನಿಂತಾಗಲೂ ಬೆಳಕನ್ನು ಹಾಯಿಸಿದರೆ ಚರ್ಮ ಸುಡುವುದು ನಿಶ್ಚಯ.

ಬಿಳಿಯ ಚರ್ಮಕ್ಕೆಂದು ಹುಟ್ಟಿದ ಅಳತೆ

ಲೇಸರ್ ಬೆಳಕನ್ನು ಮನುಷ್ಯನ ಚರ್ಮದ ಮೇಲೆ ಮೊದಲು ಕ್ರಮವಾಗಿ ಪರೀಕ್ಷಿಸಿದವರು ಅಮೆರಿಕದ ಸಿನ್‌ಸಿನಾಟಿ ನಗರದ ಚರ್ಮವೈದ್ಯ ಲಿಯೊನ್ ಗೋಲ್ಡ್‌ಮನ್. ಬಣ್ಣವುಳ್ಳ ಭಾಗಗಳು ಆಯ್ದು ನಾಶವಾಗುವುದನ್ನು ಅವರು 1963ರಷ್ಟು ಹಿಂದೆಯೇ ಗುರುತಿಸಿದ್ದರು. ಮುಂದೆ 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬವರು, ಬಿಸಿಲಿಗೆ ಚರ್ಮ ಕೆಂಪಾಗುವುದೋ ಕಪ್ಪಾಗುವುದೋ ಎಂಬುದನ್ನು ಆಧಾರವಾಗಿಟ್ಟುಕೊಂಡು ಚರ್ಮವನ್ನು ವರ್ಗಗಳಾಗಿ ವಿಂಗಡಿಸಿದರು. ಆ ಮೂಲ ವಿಂಗಡಣೆ ಬಿಳಿಯ ಜನರನ್ನು ಮಾತ್ರ ಗಮನಿಸಿದ್ದು. ಕಂದು ಮತ್ತು ಕಪ್ಪು ಚರ್ಮಗಳಿಗಾಗಿ ಐದನೆಯ ಮತ್ತು ಆರನೆಯ ವರ್ಗಗಳು ಸೇರಿದುದು ಅನಂತರ. ಭಾರತೀಯರಲ್ಲಿ ಬಹುಮಂದಿ ನಾಲ್ಕನೆಯ ಮತ್ತು ಐದನೆಯ ವರ್ಗಗಳಿಗೆ ಸೇರುತ್ತಾರೆ.

ಚರಿತ್ರೆಯ ಈ ವಿವರ ನಿರುಪಯುಕ್ತವಾದದ್ದಲ್ಲ. ಮೊದಲ ಯಂತ್ರಗಳೂ ಮೊದಲ ಅಳತೆಗಳೂ ಬೆಳ್ಳಗಿನ ಚರ್ಮದ ಮೇಲಿನ ಅನುಭವದಿಂದ ಬಂದವು. ಯಂತ್ರದ ಕೈಪಿಡಿಯ ಅಂಕಿಗಳನ್ನು ಕಣ್ಣುಮುಚ್ಚಿ ಅನುಸರಿಸುವವನು ನಮ್ಮ ಚರ್ಮಕ್ಕೆ ಅನ್ಯಾಯಮಾಡಿದಂತೆ. ಈ ಕೊರತೆಯನ್ನು ಮನಗಂಡು ಭಾರತೀಯ ಚರ್ಮವೈದ್ಯರ ಸಂಘವು ನಮ್ಮ ದೇಶಕ್ಕೆ ಹೊಂದುವ ಮಾರ್ಗಸೂಚಿಗಳನ್ನು ಹೊರತಂದಿತು. ಕೂದಲು ತೆಗೆಯುವ ಲೇಸರನ್ನು ಕುರಿತದ್ದು 2008ರಲ್ಲಿ ಬಂದಿತು. ಹಚ್ಚೆ ಮತ್ತು ಕಪ್ಪು ಕಲೆಗಳನ್ನು ಕುರಿತದ್ದು 2009ರಲ್ಲಿ ಪ್ರಕಟವಾಯಿತು. ಈ ಎರಡನೆಯದನ್ನು ಬರೆದವರಲ್ಲಿ ಬೆಂಗಳೂರಿನ ಚರ್ಮವೈದ್ಯರಾದ ವೆಂಕಟರಾಮ್ ಮೈಸೂರ್ ಅವರೂ ಒಬ್ಬರು.

ಚರ್ಮದ ಬಣ್ಣ ಒಬ್ಬನೇ ಮನುಷ್ಯನಲ್ಲಿ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲವೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯನ ದರ್ಶನವಿಲ್ಲ. ಆಗ ಚರ್ಮ ತುಸು ತಿಳಿಯಾಗುವುದು. ಸುಗ್ಗಿ ಮುಗಿದು, ಅಂಗಳದಲ್ಲಿ ಅಡಿಕೆ ಹರವಿ, ಬೇಸಿಗೆಯ ಬಿಸಿಲಿನಲ್ಲಿ ದುಡಿದ ಮೇಲೆ ಅದೇ ತೋಳು ಎರಡು ಛಾಯೆ ಕಪ್ಪಾಗುವುದು. ಶ್ರಾವಣದಲ್ಲಿ ಹಿತವಾಗಿದ್ದ ಅಳತೆ ಚೈತ್ರದಲ್ಲಿ ಬೊಕ್ಕೆ ಎಬ್ಬಿಸಬಲ್ಲುದು. ಬಿಸಿಲಿನಿಂದ ಹೊಸದಾಗಿ ಕಂದಿದ ಚರ್ಮದ ಮೇಲೆ ಲೇಸರನ್ನು ಹಾಯಿಸಬಾರದೆಂದೂ, ಪ್ರತಿ ಭೇಟಿಯಲ್ಲಿಯೂ ಚರ್ಮವನ್ನು ಹೊಸದಾಗಿ ಪರಿಶೀಲಿಸಬೇಕೆಂದೂ ವೈದ್ಯರು ಹೇಳುವುದರ ಅರ್ಥ ಇದು.

ಅಡ್ಡಪರಿಣಾಮಗಳು

ಲೇಸರ್ ಹಾಯ್ದ ಜಾಗ ಕೆಲವು ಗಂಟೆಗಳ ಕಾಲ ಕೆಂಪಾಗುವುದು, ಕೂದಲ ಬುಡಗಳ ಸುತ್ತ ಸಣ್ಣಗೆ ಊದುವುದು, ಬಿಸಿಲಿನಲ್ಲಿ ತಿರುಗಿ ಬಂದಂತೆ ಉರಿಯುವುದು - ಇವು ನಿರೀಕ್ಷಿತವಾದವು, ತಾವಾಗಿಯೇ ಶಮನವಾಗುವುವು. ಗಮನಿಸಬೇಕಾದುವು ಬೇರೆ ಇವೆ.

ಮೊದಲನೆಯದು ಸುಟ್ಟ ಗಾಯ. ಬೊಕ್ಕೆಗಳು ಎದ್ದು, ಒಡೆದು, ಹಕ್ಕಳೆ ಕಟ್ಟುವುವು. ಎರಡನೆಯದು, ನಮ್ಮವರಲ್ಲಿ ಹೆಚ್ಚಾಗಿ ಕಾಣುವಂಥದು, ಗಾಯ ಮಾಗಿದ ಮೇಲೆ ಉಳಿಯುವ ಕಪ್ಪು. ಉರಿಯೂತಕ್ಕೆ ಸಿಕ್ಕಿದ ಚರ್ಮ ಅಧಿಕವಾಗಿ ಮೆಲನಿನ್ ತಯಾರಿಸುವುದೇ ಇದಕ್ಕೆ ಕಾರಣ. ಇದು ಸಾಮಾನ್ಯವಾಗಿ ಮಾಯವಾಗುವುದಾದರೂ ತಿಂಗಳುಗಳೇ ಹಿಡಿಯಬಹುದು. ಮೂರನೆಯದು ಇದಕ್ಕೆ ವಿರುದ್ಧವಾದದ್ದು: ಮೆಲನಿನ್ ಕೋಶಗಳೇ ಘಾಸಿಗೊಂಡು ಬಿಳಿಯ ಚುಕ್ಕೆಗಳು ಉಳಿಯುವುವು. ಇವು ಬಹುಕಾಲ ನಿಲ್ಲಬಹುದು, ಕೆಲವೊಮ್ಮೆ ಹೋಗದೆಯೇ ಇರಬಹುದು. ಗಾಯವಾದೆಡೆ ಗಂಟುಗಂಟಾಗಿ ಉಬ್ಬಿ ಬೆಳೆಯುವ ಕಲೆಗಳ ಪ್ರವೃತ್ತಿ ಉಳ್ಳವರಿಗೆ ಲೇಸರ್ ಗಾಯವೂ ಹಾಗೆಯೇ ಬೆಳೆಯುವ ಭಯವಿದೆ. ತುಟಿಯ ಅಂಚಿನಲ್ಲಿ ಮರುಕಳಿಸುವ ಹರ್ಪಿಸ್ ಗುಳ್ಳೆಗಳು ಮುಖದ ಚಿಕಿತ್ಸೆಯ ತರುವಾಯ ಮತ್ತೆ ಏಳಬಹುದು.

ವಿಚಿತ್ರವಾದ ಇನ್ನೊಂದು ಪರಿಣಾಮವನ್ನು ಹೇಳಬೇಕು. ಕೂದಲನ್ನು ತೆಗೆಯಲು ಹೋಗಿ ಕೂದಲು ಹೆಚ್ಚುವುದೂ ಉಂಟು! ಕೆನ್ನೆಯ ಅಂಚಿನ, ಕತ್ತಿನ ನವಿರಾದ ಕೂದಲಿನ ಮೇಲೆ ಬಿದ್ದ ಬೆಳಕು ಬೇರನ್ನು ಕೊಲ್ಲುವಷ್ಟು ಇಲ್ಲದೆ, ಎಚ್ಚರಿಸುವಷ್ಟು ಮಾತ್ರ ಇದ್ದರೆ ಅಲ್ಲಿ ದಪ್ಪ ಕೂದಲು ಬೆಳೆಯಬಹುದು. ಕಂದು ಚರ್ಮದವರಲ್ಲಿಯೂ, ಅಂತಃಸ್ರಾವಗಳ ಏರುಪೇರು ಉಳ್ಳ ಸ್ತ್ರೀಯರಲ್ಲಿಯೂ ಇದು ಹೆಚ್ಚು. ಅಂಥ ಏರುಪೇರು ಇರುವವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯುವುದು ಲೇಸು. ನೆರೆತ ಕೂದಲಿನಲ್ಲಿಯಾದರೋ ಮೆಲನಿನ್ ಇಲ್ಲದಿರುವುದರಿಂದ ಲೇಸರಿಗೆ ಗುರಿಯೇ ಇಲ್ಲ. ಅದರ ಮೇಲೆ ಹಣ ವ್ಯಯಮಾಡುವುದು ನಿಷ್ಫಲ.

ಮುಖದ ಮೇಲಿನ ಬಂಗಿನ ವಿಷಯದಲ್ಲಂತೂ ಅವಸರ ಕೂಡದು. ಉಷ್ಣದಿಂದಲೂ ಬಂಗು ಕೆರಳುವುದಾದ್ದರಿಂದ ಲೇಸರಿನ ತರುವಾಯ ಕೆಲಕಾಲ ತಿಳಿಯಾಗಿ ಮತ್ತೆ ಮೊದಲಿಗಿಂತ ಗಾಢವಾಗಿ ಮರಳುವ ಸಂಭವವಿದೆ. ಮಂದವಾದ ಲೇಸರನ್ನು ಮತ್ತೆ ಮತ್ತೆ ಹಾಯಿಸಿ ಬಿಳಿಯ ಚುಕ್ಕೆಗಳನ್ನು ತರಿಸಿಕೊಂಡವರೂ ಉಂಟು. ಬಿಸಿಲಿನಿಂದ ರಕ್ಷಣೆ ಮತ್ತು ವೈದ್ಯರು ಕೊಡುವ ಲೇಪನ - ಇವೇ ಇದಕ್ಕೆ ಮೊದಲ ಚಿಕಿತ್ಸೆ.

ಹಚ್ಚೆಯ ಮಾತು

ಅಜ್ಜಿಯಂದಿರ ಮುಂಗೈಯ ಹಚ್ಚೆ ಹಸುರಾಗಿ ಕಾಣುವುದನ್ನು ನಮ್ಮ ವಾಚಕರು ಗಮನಿಸಿರಬಹುದು. ಅದರಲ್ಲಿ ಇರುತ್ತಿದ್ದುದು ಹಸುರು ಬಣ್ಣವಲ್ಲ, ದೀಪದ ಕಾಡಿಗೆಯಂಥ ಇಂಗಾಲ. ಕರಿಯ ಕಣಗಳು ಚರ್ಮದ ಆಳದಲ್ಲಿರುವುದರಿಂದ ಕೆಂಪು ಬೆಳಕು ಅಲ್ಲಿಗೆ ಇಳಿದು ಹೀರಲ್ಪಡುತ್ತದೆ, ನೀಲಿ ಮತ್ತು ಹಸುರು ಮೇಲಿನ ಪದರಗಳಲ್ಲಿಯೇ ಚೆದುರಿ ನಮ್ಮ ಕಣ್ಣಿಗೆ ಮರಳುತ್ತದೆ. ಇಂಗಾಲದ ಕಣಗಳು ಎಲ್ಲ ತರಂಗಾಂತರಗಳನ್ನೂ ಹೀರುವುದರಿಂದ ಇಂಥ ಹಚ್ಚೆಯನ್ನು 1064 ನ್ಯಾನೋಮೀಟರಿನ ಲೇಸರಿನಿಂದ ತಿಳಿಗೊಳಿಸುವುದು ಸುಲಭ. ನ್ಯಾನೋಸೆಕೆಂಡಿನ ಹೊಡೆತಕ್ಕೆ ಕಣಗಳು ಸಿಡಿದು ನುಚ್ಚಾಗುವುವು. ದೇಹದ ಭಕ್ಷಕ ಕೋಶಗಳು ಆ ನುಚ್ಚನ್ನು ನುಂಗಿ ವಾರಗಳ ಅವಧಿಯಲ್ಲಿ ಸಾಗಿಸುವುವು. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ವಾರಗಳ ಬಿಡುವು ಬೇಕಾಗುವುದು ಈ ಕಾರಣದಿಂದ.

ಇಂದಿನ ಬಣ್ಣಬಣ್ಣದ ಹಚ್ಚೆಯ ಕಥೆ ಹೀಗಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ತರಂಗಾಂತರ ಬೇಕು. ಹಸುರೂ ಹಳದಿಯೂ ಬಲು ಹಟಮಾರಿ. ಬಿಳಿ ಮತ್ತು ಮೈಬಣ್ಣದ ಶಾಯಿಗಳಲ್ಲಿರುವ ಟೈಟೇನಿಯಮ್ ಮತ್ತು ಕಬ್ಬಿಣದ ಆಕ್ಸೈಡುಗಳು ಲೇಸರ್ ತಾಗಿದೊಡನೆ ರಾಸಾಯನಿಕವಾಗಿ ಮಾರ್ಪಟ್ಟು ಕಪ್ಪಾಗಿಬಿಡಬಹುದು. ಕೆಂಪು ಶಾಯಿಗೆ ಕೆಲವರಲ್ಲಿ ಅಲರ್ಜಿ ತಲೆದೋರುವುದು. ಇಷ್ಟೆಲ್ಲ ಆದ ಮೇಲೆಯೂ ಹಳೆಯ ಹಚ್ಚೆಯ ಮಸುಕು ನೆರಳು ಉಳಿಯಬಹುದು. ಭರ್ತಿಗೆ ಒಂದು ತಿಂಗಳಿರುವಾಗ ಹಚ್ಚೆ ಅಳಿಸಲು ಓಡುವ ತರುಣನಿಗೆ ಈ ಲೆಕ್ಕ ತಿಳಿದಿರುವುದು ಅವಶ್ಯ. ಅವಸರಪಟ್ಟು ಅಧಿಕ ಶಕ್ತಿಯ ಹೊಡೆತ ಹಾಕಿಸಿಕೊಂಡರೆ ಹಚ್ಚೆಯ ಬದಲು ಸುಟ್ಟ ಕಲೆಯನ್ನು ಹೊತ್ತು ಹೋಗಬೇಕಾದೀತು. ಹಾಕಿಸಿಕೊಳ್ಳಲು ಅರ್ಧ ಗಂಟೆ, ಅಳಿಸಲು ವರ್ಷ ಎಂಬುದನ್ನು ಜಾತ್ರೆಗೆ ಹೋಗುವ ಮುನ್ನವೇ ತಿಳಿದುಕೊಂಡರೆ ಇನ್ನೂ ಒಳಿತು.

ಕಣ್ಣು ಮತ್ತು ಕ್ಯಾನ್ಸರಿನ ಭಯ

ಚರ್ಮದ ಗಾಯ ಮಾಗಬಹುದು. ಕಣ್ಣಿನ ಗಾಯಕ್ಕೆ ಪರಿಹಾರವಿಲ್ಲದಿರಬಹುದು. ಕಣ್ಣಿನ ಮಸೂರವು ತನ್ನೊಳಗೆ ಬಂದ ಸಮಾಂತರ ಕಿರಣವನ್ನು ಅಕ್ಷಿಪಟಲದ ಸೂಕ್ಷ್ಮವಾದ ಚುಕ್ಕೆಯೊಂದರ ಮೇಲೆ ಕೇಂದ್ರೀಕರಿಸುವುದು. ಇದರಿಂದ ಬೆಳಕಿನ ಸಾಂದ್ರತೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಬಹುದು. 1064 ನ್ಯಾನೋಮೀಟರಿನ ಅವಗೆಂಪು ಕಿರಣವಂತೂ ಕಣ್ಣಿಗೆ ಕಾಣುವುದೇ ಇಲ್ಲ; ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ಕನ್ನಡಿಯಿಂದಲೋ ಲೋಹದ ಬಳೆಯಿಂದಲೋ ಪ್ರತಿಫಲಿಸಿದ ಕಿರಣವೂ ಸಾಕು. ಆದುದರಿಂದ ಕೋಣೆಯಲ್ಲಿರುವ ಪ್ರತಿಯೊಬ್ಬರೂ, ಆ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕವನ್ನು ಧರಿಸಿರಬೇಕು. ಒಂದು ಲೇಸರಿನ ಕನ್ನಡಕ ಇನ್ನೊಂದು ಲೇಸರಿಗೆ ಸಾಜಿನ ಗಾಜಿನಷ್ಟೇ ನಿರುಪಯೋಗಿ. ಹುಬ್ಬಿನ ಕೆಳಗೆ, ರೆಪ್ಪೆಯ ಹತ್ತಿರ ಕೂದಲು ತೆಗೆಸಿಕೊಳ್ಳುವ ಸಾಹಸ ಸರ್ವಥಾ ಸಲ್ಲದು.

ಲೇಸರಿನಿಂದ ಕ್ಯಾನ್ಸರ್ ಬರುವುದೇ ಎಂದು ಹಲವರು ಅಂಜುತ್ತಾರೆ. ಈ ಅಂಜಿಕೆಯನ್ನು ಲೆಕ್ಕದಿಂದ ಪರೀಕ್ಷಿಸಬಹುದು. ಸೂರ್ಯನ ಅತಿನೇರಳೆ ಕಿರಣದ, 300 ನ್ಯಾನೋಮೀಟರಿನ ಒಂದು ಕಣದ ಶಕ್ತಿ ಸುಮಾರು 4.1 ಎಲೆಕ್ಟ್ರಾನ್ ವೋಲ್ಟ್. ಅದು ಕೋಶದ ಡಿಎನ್‌ಎ ಅಣುವಿಗೆ ಧಕ್ಕೆ ತರಬಲ್ಲುದು. 755 ನ್ಯಾನೋಮೀಟರಿನ ಕಣದ ಶಕ್ತಿ ಸುಮಾರು 1.6, 1064ರದು ಸುಮಾರು 1.2 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಇವು ಬಿಸಿಮಾಡುವುವೇ ಹೊರತು ಅತಿನೇರಳೆಯಂತೆ ಡಿಎನ್‌ಎಯನ್ನು ಕೆಡಿಸುವುದಿಲ್ಲ. ನಿಜವಾದ ಅಪಾಯ ಇನ್ನೊಂದೆಡೆ ಇದೆ. ಹೊಸದಾಗಿ ಬೆಳೆಯುತ್ತಿರುವ, ಆಕಾರ ಕೆಟ್ಟ, ರಕ್ತ ಒಸರುವ ಕಪ್ಪು ಮಚ್ಚೆಯೊಂದು ಸ್ವತಃ ಕ್ಯಾನ್ಸರ್ ಆಗಿದ್ದರೆ, ಅದನ್ನು ಪರೀಕ್ಷೆಗೆ ಕಳುಹಿಸದೆ ಲೇಸರಿನಿಂದ ಸುಟ್ಟಾಗ ಗುರುತು ಅಳಿದು ರೋಗ ಒಳಗೆ ಉಳಿಯುವುದು. ಮಚ್ಚೆಯನ್ನು ತೆಗೆಯುವ ಮೊದಲು ಅದು ಏನೆಂದು ಬಲ್ಲವರ ಕಣ್ಣಿಗೆ ಬೀಳಬೇಕು.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಚಿಕಿತ್ಸೆಗೆ ಹೋಗುವವರು ಏನನ್ನು ಕೇಳಬೇಕು? ಚರ್ಮರೋಗದಲ್ಲಿ ತರಬೇತಿ ಪಡೆದ ವೈದ್ಯರು ತಾವೇ ನೋಡುವರೇ, ಅಥವಾ ಯಂತ್ರದ ಗುಂಡಿ ಒತ್ತುವವರು ಮಾತ್ರ ಇರುವರೇ? ಕೇಂದ್ರವು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ನೋಂದಣಿ ಪಡೆದಿದೆಯೇ? ಯಾವ ಲೇಸರ್, ಯಾವ ತರಂಗಾಂತರ? ಕಿವಿಯ ಹಿಂದೆಯೋ ತೋಳಿನ ಒಳಬದಿಯಲ್ಲಿಯೋ ಸಣ್ಣ ಜಾಗದ ಮೇಲೆ ಮೊದಲು ಪರೀಕ್ಷಿಸಿ, ಕೆಲವು ವಾರ ಕಾದು ನೋಡುವರೇ? ಕಪ್ಪು ಕಲೆ ಮೂಡುವುದಿದ್ದರೆ ಅದು ತಡವಾಗಿಯೇ ಮೂಡುವುದರಿಂದ ಈ ಕಾಯುವಿಕೆ ಮುಖ್ಯ. ಎಷ್ಟು ಸರದಿಗಳು ಬೇಕಾದಾವು, ಒಟ್ಟು ವೆಚ್ಚವೆಷ್ಟು? ಈ ಪ್ರಶ್ನೆಗಳಿಗೆ ಬೇಸರಪಡುವ ಕಡೆ ಚರ್ಮವನ್ನು ಒಪ್ಪಿಸದಿರುವುದೇ ಜಾಣತನ. ಶಿವಮೊಗ್ಗದಂಥ ಊರುಗಳ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗವಿರುವುದು. ಹಣ ಕಟ್ಟುವ ಮುನ್ನ ಅಲ್ಲಿ ಒಮ್ಮೆ ಅಭಿಪ್ರಾಯ ಕೇಳಬಹುದು.

ಹೇಳಬೇಕಾದ ಸಂಗತಿಗಳೂ ಇವೆ: ಸೇವಿಸುತ್ತಿರುವ ಔಷಧಗಳು, ಅದರಲ್ಲಿಯೂ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಗರ್ಭ, ಹಿಂದೆ ಉಬ್ಬಿದ ಕಲೆಗಳು, ತೊನ್ನು, ಇತ್ತೀಚಿನ ಬಿಸಿಲು. ಚಿಕಿತ್ಸೆಯ ಬಳಿಕ ಬಿಸಿಲಿನಿಂದ ದೂರವಿರಬೇಕು, ಹಕ್ಕಳೆಯನ್ನು ಕೀಳಬಾರದು. ಬೊಕ್ಕೆ ಎದ್ದರೆ ತಣ್ಣೀರಿನ ಬಟ್ಟೆಯನ್ನಿಟ್ಟು ವೈದ್ಯರನ್ನು ಕಾಣಬೇಕು. ನಿಂಬೆಯ ರಸ, ಹಲ್ಲುಜ್ಜುವ ಪೇಸ್ಟು ಮುಂತಾದುವನ್ನು ಹಚ್ಚುವುದು ಗಾಯಕ್ಕೆ ಗಾಯ ಸೇರಿಸಿದಂತೆ.

ಕೊನೆಯದಾಗಿ ಒಂದು ಮಾತು. ಲೇಸರಿನಿಂದ ಮೈಬಣ್ಣವನ್ನೇ ಬಿಳುಪಾಗಿಸುವೆವೆಂಬ ಆಶ್ವಾಸನೆಯನ್ನು ವಿಜ್ಞಾನ ಬೆಂಬಲಿಸುವುದಿಲ್ಲ. ಮೆಲನಿನ್ ಒಂದು ದೋಷವಲ್ಲ. ಲೇಸರಿನ ದಾರಿಯಲ್ಲಿ ಸುಂಕ ವಸೂಲುಮಾಡಿ ನಮಗೆ ತೊಡಕಾಗುವ ಈ ವರ್ಣದ್ರವ್ಯವೇ, ಹೊಲ ತೋಟಗಳಲ್ಲಿ ದಿನವಿಡೀ ದುಡಿಯುವವರ ಮೈಮೇಲೆ ಬೀಳುವ ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನ ಕೋಶಗಳನ್ನು ಕಾಯುತ್ತದೆ. ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಬಹು ವಿರಳವಾಗಿರುವುದಕ್ಕೆ ಮುಖ್ಯ ಕಾರಣ ಇದೇ. ಕೆಂಪು ಮಚ್ಚೆಯಿಂದ ನೊಂದ ಮಗುವಿಗೂ, ಸುಟ್ಟ ಗಾಯದ ಗಡಸು ಕಲೆಯಿಂದ ಬೆರಳು ಮಡಚಲಾರದವರಿಗೂ ಲೇಸರ್ ಉಪಕಾರವನ್ನೇ ಮಾಡಿದೆ. ಅಂಥ ಅಗತ್ಯ ಇರುವವರು ಅಂಜಬೇಕಾಗಿಲ್ಲ, ವಿಚಾರಿಸಿ ಹೋಗಬೇಕು. ಆರೋಗ್ಯವಾಗಿರುವ ಕಂದು ಚರ್ಮಕ್ಕಾದರೋ ಯಾವ ಚಿಕಿತ್ಸೆಯೂ ಬೇಕಾಗಿಲ್ಲ.